ಮೂರನೇ ಬುಟ್ಟಿ

ಶೋರೂಮಿಗೆ ಹೋಗುವಾಗ ಬುಟ್ಟಿ ಒಯ್ದಿದ್ದೆ,
ಖಾಲಿ ಬುಟ್ಟಿ, ಬಿದಿರಿಂದು, ಅಂಚಿಗೆ ಹಳೇ ಇಳಕಲ್ಲ ಸೀರಿ ಸುತ್ತಿದ್ದು.
ಬಾಗಲದಾಗಿನ ಕಾವಲಿನವ ಮರಾಠಿಯೊಳಗ ಕೇಳಿದ:
ಮಾವಶಿ, ಏನು ಮಾರಾಕ ಬಂದೀರಿ?
ಕೊಳ್ಳಾಕ, ಅಂದೆ.

ತುಷಾರ ಢೋಬಳೆ ಅಂತ ಒಬ್ಬ ಹುಡುಗ,
ಎರಡು ಗಾಡಿ ನಡುವ ನಿಂತು ಎರಡೂ ಹೊಗಳಿದ,
ಅಕ್ಕನ್ನೂ ತಂಗೀನ್ನೂ ಒಂದೇ ದಿನ ತೋರಸಾವ್ರ ಹಂಗ.
ಇದು ಸಣ್ಣದು, ಗಲ್ಲಿಯೊಳಗ ಸರಳ ಹೊಳ್ಳತೈತಿ,
ಪೆಟ್ರೋಲ್ ಕಮ್ಮಿ ಕುಡಿತೈತಿ.
ಇದು ಎತ್ತರದ್ದು. ತಗ್ಗು ದಿನ್ನಿ ಗೊತ್ತಾಗಂಗಿಲ್ಲ,
ರಸ್ತೇದ ಮ್ಯಾಲ ಒಂದು ವಜನ ಇರತೈತಿ, ಮಾವಶಿ.

ವಜನದ ಮಾತು ನನಗ ಹೇಳಬ್ಯಾಡ, ತಮ್ಮಾ.
ಎಂಟು ವರ್ಷ ಸ್ಕೂಟಿಯ ಹಿಂದ ಮುಂದ ಖಡಕ್ ರೊಟ್ಟಿ ಕಟಗೊಂಡು
ನವಲೆ ಸೇತುವಿ ಇಳಿದೀನಿ.
ಲಾರಿ ಅಂದ್ರ ನನಗ ಮಾರಿ ಇಲ್ಲ,
ಬರೇ ಗಾಲಿ.
ಗಾಲಿಯ ನಟ್ಟು ಎಣಿಸಿ ಹೇಳತೀನಿ ಬೇಕಂದ್ರ.

ನಮ್ಮವರು ಮುಂಜಾನೇನ ಹೇಳಿ ಕಳಸಿದ್ರು:
ಎತ್ತರದ್ದ ತಗೋ. ಇಂಡಿಗೆ ಹೋದಾಗ
ಮಂದಿ ಕುತಗಿ ಎತ್ತಿ ನೋಡಬೇಕು.
ಮಗಳು ವೈಜಯಂತಿ ಫೋನಿನಾಗ ಎರಡರ ಜಾತಕ ಕೂಡಿಸಿದ್ಲು:
ಗಾಳಿಚೀಲ ಎರಡರಾಗೂ ಆರು,
ಚುಕ್ಕಿ ಒಂದಕ್ಕ ನಾಕು, ಇನ್ನೊಂದಕ್ಕ ಐದು.
ಅವ್ವಾ, ನಿನ್ನ ರೊಕ್ಕ, ನಿನ್ನ ಮರ್ಜಿ,
ಅಂದು ಕೆಂಪನ್ನದರ ಕಡೆ ನೋಡಿದ್ಲು.
ಕೆಂಪನ್ನದು ಎತ್ತರದ್ದು.

ನಾ ಡಿಕ್ಕಿ ತಗಿ ಅಂದೆ.
ಸಣ್ಣದರಾಗ ಬುಟ್ಟಿ ಇಟ್ಟೆ. ಬಾಜೂಕ ಇನ್ನೊಂದರ ಜಾಗ,
ಆಮ್ಯಾಲ ಒಂದು ಗೇಣು ಅಷ್ಟ.
ದೊಡ್ಡದರಾಗ ಮೂರು ಕುಂದರತಾವ ಬರೋಬ್ಬರಿ.
ಆದ್ರ ಅದರ ಹೊಸ್ತಲ ನನ್ನ ಎದಿಮಟ.
ನೂರಾ ಐವತ್ತು ರೊಟ್ಟಿಯ ಬುಟ್ಟಿ ಎದಿಮಟ ಎತ್ತಿ ನೋಡು,
ದಿನಕ್ಕ ನಾಕು ಸಲ,
ಆಗ ತಿಳಿತೈತಿ ಚುಕ್ಕಿ ಎಷ್ಟು ಕಾಣತಾವ ಅಂತ.

ರೇಟು ಹೇಳಿದ. ನಡುವ ಎರಡು ಲಕ್ಷ ಹತ್ತು ಸಾವಿರ.
ನನಗ ಲಕ್ಷದ ಲೆಕ್ಕ ಬರಂಗಿಲ್ಲ, ರೊಟ್ಟಿಯ ಲೆಕ್ಕ ಬರತೈತಿ:
ಒಂದಕ್ಕ ಮೂರು ರೂಪಾಯಿ ಉಳದ್ರ, ಎಪ್ಪತ್ತು ಸಾವಿರ ರೊಟ್ಟಿ.
ನಾನು, ಕಸ್ತೂರಿ, ಆ ಲಾತೂರಿನ ಮುದುಕಿ,
ಮೂರು ಮಂದಿ ದಿನಕ್ಕ ಆರನೂರು ಬಡದ್ರ
ನಾಕು ತಿಂಗಳಿಗೆ ಮೂರು ದಿನ ಕಮ್ಮಿ.
ನಾಕು ತಿಂಗಳು ತಟ್ಟಿ ತಟ್ಟಿ
ಎತ್ತರ ಕೊಳ್ಳೂದು, ಒಂದು ಮೊಳದ್ದು.

ಅಷ್ಟಾದ್ರೂ ಒಮ್ಮಿ ಕುಂತು ನೋಡ್ರಿ, ಅಂದ ಢೋಬಳೆ.
ಕುಂತೆ. ಕತ್ರಜ ಕಡೆ ಹೊಡದೆ, ಅವ ಬಾಜೂಕ.
ಏನು ಹೇಳಲಿ.
ನಡುವಿನ ಗ್ವಾಡಿಯ ಆಚಿಗೆ ರಸ್ತೆ ಇತ್ತು.
ಎದುರು ಬರೋ ಮಂದಿಗೆ ಮಾರಿ ಇದ್ದವು.
ಒಬ್ಬ ಲಾರಿಯವ ಬಾಳೆಹಣ್ಣು ತಿನ್ನಾಕತ್ತಿದ್ದ,
ಕಿಡಕಿಗೆ ಕೂಸಿನ ಅಂಗಿ ಒಣಹಾಕಿದ್ದ.
ಎಂಟು ವರ್ಷ ಇದು ನನ್ನ ತಲಿ ಮ್ಯಾಲೇ ಹಾದು ಹೋಗಿತ್ತು.

ತಿರುಗಿ ಬಂದು ಇಳದೆ. ಇಳಿಯೂದು ಅಂದ್ರ ಜಿಗಿಯೂದು.
ಸಣ್ಣದಕ್ಕ ಸಹಿ ಮಾಡಿದೆ.
ಮಗಳು ಸಿಟ್ಟಿಗೆದ್ದು ಎರಡು ದಿನ ಮಾತು ಬಿಟ್ಲು,
ನಮ್ಮವರು ಇಂಡಿಯ ಮಾತು ಬಿಟ್ರು.

ಈಗ ನಸಿಕಿನ್ಯಾಗ ಐದಕ್ಕ ಹೊಂಟೀನಿ,
ಕೋಥರೂಡ, ಆಮ್ಯಾಲ ಹಡಪಸರ.
ಸೀಟಿನ ಮ್ಯಾಲ ನಮ್ಮವ್ವ ಹೊಲದ ಕೌದಿ,
ನಾಕು ಮಡಿಕಿ.
ಗ್ವಾಡಿಯ ಆಚಿಗೆ ಪೂರಾ ಕಾಣಂಗಿಲ್ಲ,
ಮಂದಿಯ ಹಣಿ ಕಾಣತೈತಿ, ಲಾರಿಯವರ ಮೊಳಕೈ.
ಡಿಕ್ಕಿಯಾಗ ಎರಡು ಬುಟ್ಟಿ. ಮೂರನೇದು ಬಾಜೂಕಿನ ಸೀಟಿಗೆ.
ಮೊದಲನೇ ದಿನ ಗಾಡಿ ಕುಂಯ್ ಕುಂಯ್ ಅಂತು,
ನಿಂದರಲಿಲ್ಲ.
ಆಮ್ಯಾಲ ತಿಳೀತು: ಬುಟ್ಟಿಯ ಭಾರಕ್ಕ
ಯಾರೋ ಕುಂತಾರ ಅಂತ ತಿಳಕೊಂಡೈತಿ.

ಕುಂದರವ್ವಾ, ಅಂದೆ,
ಪಟ್ಟಿ ಎಳದು ಕಟ್ಟಿದೆ.