ಬಿಡು

ಆಸ್ಟಿನ್ ಟೌನ್ ಮೈದಾನಕ್ಕೆ ಸುಣ್ಣದ ಗೆರೆ ಎಳೆಯುವವನು ನಾನು.
ನಾರ್ವೆಯಿಂದ ಬಂದ ಎಸ್ಕಿಲ್ ಸಾಹೇಬರು
ಮೊದಲು ಕಲಿತ ಕನ್ನಡ: ಬಿಡು.
ನಾಲಿಗೆ ಮಡಚದು. 'ಬಿದು' ಅನ್ನುತ್ತಾರೆ,
ಹುಡುಗರು ನಗುತ್ತಾರೆ.

ಆಡುವ ಕಾಲದಲ್ಲಿ ಯಾರಿಗೂ ಬಿಟ್ಟವರಲ್ಲವಂತೆ.
ಹಿಮ ಗೋರಿ ತೆಗೆದ ಬಯಲಲ್ಲಿ
ಕಾಲಿಗೆ ಸಿಕ್ಕಿದ್ದೆಲ್ಲ ಗೋಲಿಗೇ.
ಪಕ್ಕದಲ್ಲಿ ಕೈಯೆತ್ತಿ ಓಡಿದವರ
ಒಂದು ಮುಖವೂ ನೆನಪಿಲ್ಲ ಅಂದರು,
ಬಲಮಂಡಿಗೆ ಐಸು ಕಟ್ಟಿಕೊಳ್ಳುತ್ತ.
ಐಸು ರಸೆಲ್ ಮಾರ್ಕೆಟ್ಟಿನ ಮೀನಂಗಡಿಯದೇ ಆಗಬೇಕು,
ಊರಿನ ವಾಸನೆ ಬರುತ್ತದಂತೆ.

ನಿನ್ನೆ ಗೌತಮಪುರದ ದೇವಸಗಾಯಂ
ಮೂವರನ್ನು ದಾಟಿ ನಾಲ್ಕನೆಯವನ ಮೇಲೂ ನುಗ್ಗಿದ.
ಎಡಕ್ಕೆ ನಯಾಜ್, ಸುತ್ತ ಯಾರೂ ಇಲ್ಲ,
ಬಾಯಿ ತೆರೆದು ನಿಂತಿದ್ದಾನೆ.
'ಬಿದು! ಬಿದು!'
ಬಿಡಲಿಲ್ಲ ಹುಡುಗ. ಹೊಡೆದ.
ಕಂಬದ ಒಳಮೈ ಸವರಿ
ಹರಿದ ಬಲೆಯಿಂದಾಚೆ, ಮೋರಿಯವರೆಗೆ.

ಬೈಯಬೇಕಿತ್ತು.
ಸಾಹೇಬರ ಬಲಗಾಲು ಗಾಳಿಯಲ್ಲೇ ಇತ್ತು,
ತಾವೇ ಒದ್ದ ಹಾಗೆ.
ಇನ್ನೊಂದು ನನ್ನ ಹಸಿ ಗೆರೆಯ ಮೇಲೆ.

ಅಳಿಸಿದ್ದನ್ನು ಎಳೆಯಲು ಡಬ್ಬಿ ಹಿಡಿದು ಬಗ್ಗಿದೆ.
'ಬಿಡು' ಅಂದರು.
ಈ ಸಲ ನಾಲಿಗೆ ಮಡಚಿತ್ತು.