ಅಡುಗೆಮನೆಯಲ್ಲಿ ಇದ್ದಂತೆ

ಕುಷ್ಟಗಿಯ ಕಾಲೇಜಿನಲ್ಲಿ ಹನ್ನೊಂದು ಮಕ್ಕಳಿಗೆ
ತರ್ಕಶಾಸ್ತ್ರ ಹೇಳುತ್ತಿದ್ದೆ, ಅತಿಥಿ ಉಪನ್ಯಾಸಕ;
ಅತಿಥಿ ಎಂದರೆ ಎಂಟು ತಿಂಗಳು ಸಂಬಳವಿಲ್ಲ.
ಬೆಟ್ಟದಲ್ಲಿ ಬೆಂಕಿಯಿದೆ. ಯಾಕೆ? ಹೊಗೆ ಕಾಣುತ್ತಿದೆ.
ಹೊಗೆಯಿದ್ದಲ್ಲಿ ಬೆಂಕಿ, ಅಡುಗೆಮನೆಯಲ್ಲಿ ಇದ್ದಂತೆ.
ಬರೆದುಕೊಳ್ಳಿ, ಅನ್ನುತ್ತಿದ್ದೆ. ಬರೆದುಕೊಳ್ಳುತ್ತಿದ್ದರು.

ತಿರುಗಿಸಿ ಹೇಳಬಾರದು, ಅದೂ ಪರೀಕ್ಷೆಗೆ ಬರುತ್ತಿತ್ತು:
ಬೆಂಕಿಯಿದ್ದಲ್ಲೆಲ್ಲ ಹೊಗೆ ಇರಲೇಬೇಕೆಂದಿಲ್ಲ.
ಉದಾಹರಣೆ, ಕಾಯ್ದ ಕಬ್ಬಿಣದ ಗುಂಡು.

ಆ ಗುಂಡನ್ನು ನಾನು ಕಣ್ಣಾರೆ ಕಂಡದ್ದು ಸೋಹಾರಿನಲ್ಲಿ.
ಬಂದರಿನ ಪಕ್ಕದ ಕಾರ್ಖಾನೆ. ಅದಿರಿನ ಪುಡಿಯನ್ನು
ಗೋಲಿ ಕಟ್ಟಿ ಸುಡುತ್ತಾರೆ, ಹಗಲೂ ರಾತ್ರಿ.
ಕುಲುಮೆಯ ಬಾಯಲ್ಲಿ ಲಕ್ಷ ಗೋಲಿ,
ಒಂದೊಂದೂ ಕೆಂಪು, ಒಂದಕ್ಕೂ ಹೊಗೆಯಿಲ್ಲ.
ಆರಿದ ಮೇಲೆ ನನ್ನ ಸರದಿ:
ಒಂದೊಂದನ್ನೇ ಯಂತ್ರದ ಹಲ್ಲಿಗೆ ಕೊಟ್ಟು
ಎಷ್ಟು ಭಾರಕ್ಕೆ ಬಿರಿಯಿತು ಎಂದು ಬರೆಯುವುದು.

ಆ ವರ್ಷ ಏನೂ ಆಗಿರಲಿಲ್ಲ. ಅದೇ ಹೇಳಲಾಗದ್ದು.
ಯಾರೂ ಸತ್ತಿರಲಿಲ್ಲ. ಊರಿಗೆ ಹಣ ಹೋಗುತ್ತಿತ್ತು,
ತಂಗಿ ಶಾಂಭವಿಯ ಬಿ.ಎಡ್. ಮುಗಿದಿತ್ತು.
ಫೋನಿನಲ್ಲಿ ‘ಆರಾಮದೀನಿ’ ಅನ್ನುತ್ತಿದ್ದೆ, ನಗುತ್ತಲೂ ಇದ್ದೆ.
ಪ್ರತಿಜ್ಞೆ ಮಾತ್ರ ಇತ್ತು, ಹೇತು ಇರಲಿಲ್ಲ.
ನಾಳೆ ಯಾಕೆ ಏಳಬೇಕು ಎಂದು ಕೇಳಿದರೆ
ಓದಿದ ಆರೂ ದರ್ಶನಗಳು ತಾಲೂಕು ಕಚೇರಿಯ ಗುಮಾಸ್ತರ ಹಾಗೆ
ಒಬ್ಬರು ಇನ್ನೊಬ್ಬರ ಮೇಜು ತೋರಿಸಿದವು.

ಜುಲೈ. ರಾತ್ರಿ ಮೂರು. ಗಾಳಿಗೆ ಒದ್ದೆ ಕಂಬಳಿಯ ಭಾರ.
ಕ್ಯಾಂಪಿನ ಹಿಂದಿನ ಗೇಟು ದಾಟಿದರೆ ಸಮುದ್ರ.
ಅಡುಗೆಮನೆಯ ಬಾಗಿಲಲ್ಲಿ ಮೋತಾಲೇಬ್,
ನೌಖಾಲಿಯವನು, ನಾನೂರು ಜನರ ರೊಟ್ಟಿಗೆ ಹಿಟ್ಟು ನಾದುವವನು,
ಮುರುಕು ಹಿಂದಿಯಲ್ಲಿ ಅಂದ:
ಮಾಸ್ಟರ್, ಒಂದು ಚಪ್ಪಲಿ ನಿಮ್ಮದಲ್ಲ.

ನೋಡಿಕೊಂಡೆ. ಬಲಗಾಲಿಗೆ ನನ್ನದು.
ಎಡಗಾಲಿಗೆ ಯಾರದೋ ನೀಲಿ, ಅದೂ ಬಲದ್ದೇ.

ಬನ್ನಿ, ಉಂಡೆ ಕಟ್ಟಿ. ಹುಡುಗ ಇವತ್ತು ಬಂದಿಲ್ಲ.

ಕಟ್ಟಿದೆ. ತಣ್ಣಗೆ, ಮೆತ್ತಗೆ,
ಒತ್ತಿದಲ್ಲಿ ಬೆರಳಿನ ಗುರುತು ಉಳಿಯುವ ಉಂಡೆ.
ಯಂತ್ರಕ್ಕೆ ಕೊಟ್ಟರೆ ಬಿರಿಯುವುದಿಲ್ಲ ಇದು,
ಸುಮ್ಮನೆ ಅಗಲವಾಗುತ್ತದೆ.

ಐವತ್ತನೆಯದೋ ಅರವತ್ತನೆಯದೋ ಕಟ್ಟುವಾಗ
ತವೆಯಿಂದ ಮುಖ ತಿರುಗಿಸದೆ ಹೇಳಿದ:
ಹದಿನಾಲ್ಕನೇ ರೂಮಿನ ಹುಡುಗ. ಎರಡು ವರ್ಷದ ಹಿಂದೆ.
ಹೀಗೇ, ಬೇರೆ ಬೇರೆ ಚಪ್ಪಲಿ. ನೋಡಿದೆ.
ನಿದ್ದೆಗಣ್ಣು ಅಂದುಕೊಂಡೆ.
ಕೈ ತುಂಬ ಹಿಟ್ಟಿತ್ತು.

ಒಂದೇ ಸಲ ಕಂಡದ್ದರಿಂದ ವ್ಯಾಪ್ತಿ ಸಿದ್ಧಿಸದು,
ಇದನ್ನೂ ಕಲಿಸಿದ್ದೆ, ಐದು ಅಂಕಕ್ಕೆ.
ಚಪ್ಪಲಿ ನೋಡಿ ಸಮುದ್ರವನ್ನು ಊಹಿಸುವುದು ಕೆಟ್ಟ ತರ್ಕ.
ನಾನು ಬರೀ ನೀರು ನೋಡಲು ಹೊರಟಿದ್ದರೆ? ಎಂದೆ.
ಇರಲಿ, ಎಂದ. ಉಂಡೆ ಆದವಲ್ಲ.

ಅರ್ಥ ಸಿಕ್ಕಿತೆಂದು ಬರೆಯಲಾರೆ.
ನಿಗಮನಕ್ಕೆ ಇನ್ನೂ ಬಂದಿಲ್ಲ, ಅವಸರವೂ ಇಲ್ಲ.
ಶಿಫ್ಟ್ ಇಲ್ಲದ ರಾತ್ರಿ ಎಚ್ಚರವಾದರೆ
ಕಿಟಕಿಯಿಂದ ನೋಡುತ್ತೇನೆ. ತಗಡಿನ ಕೊಳವೆಯಲ್ಲಿ ಹೊಗೆ.
ಬೆಂಕಿಯಷ್ಟೇ ಅಲ್ಲ, ಒಬ್ಬ ಮನುಷ್ಯ ಎದ್ದಿದ್ದಾನೆ.
ಹೋಗುತ್ತೇನೆ.

ಅವನು ತವೆಯ ಕಡೆಗೆ. ನಾನು ಹಿಟ್ಟಿನ ಪರಾತ ಎಳೆದುಕೊಂಡು
ಬಾಗಿಲ ಕಡೆಗೆ ಮುಖ ಮಾಡಿ ಕೂರುತ್ತೇನೆ,
ಗೇಟಿನತ್ತ ಹೋಗುವವರ
ಕಾಲು ನೋಡುತ್ತ.