ಮೂವತ್ತೊಂದರೊಳಗೆ

ಮುಕ್ತಾಬಾಯಿ ತಾಂಡೇಲ ಮೇಜಿನ ಮೇಲೆ ಸುರಿದದ್ದು
ಬಿಸ್ಕಿಟ್ ಡಬ್ಬಿಯೊಳಗಿನ ಒಂದು ವರ್ಷ:
ಡೀಸೆಲ್, ಮಂಜುಗಡ್ಡೆ, ಬಲೆ ಹೊಲಿದವರ ಕೂಲಿ,
ಉಪ್ಪುನೀರು ಕುಡಿದು ಅಂಕಿ ಮರೆತ ಚೀಟಿ.

ಬೈತಖೋಲದಲ್ಲಿ ಬೋಟುಗಳಿಗೆ ಮಳೆಗಾಲದ ರಜೆ,
ಗ್ರೀನ್ ಸ್ಟ್ರೀಟಿನ ಮಾಳಿಗೆಯಲ್ಲಿ
ನಮಗೆ ಊಟಕ್ಕೂ ಬಿಡುವಿಲ್ಲ.
ಜುಲೈ ಮೂವತ್ತೊಂದಕ್ಕೆ ಎರಡೂ ಮುಗಿಯುತ್ತವೆ.
ಕೀಬೋರ್ಡಿನ ಸಂದಿಯಿಂದ
ಮೀನಿನ ಹುರುಪೆಯೊಂದನ್ನು ಉಗುರಲ್ಲಿ ತೆಗೆದೆ.

"ನವೆಂಬರದಲ್ಲಿ ಬಲೆ ಹೋಯ್ತು, ಎರಡು ಲಕ್ಷದ್ದು.
ಅದನ್ನೂ ಬರಕೊಳ್ಳಿ."
"ದಾಖಲೆ?" ರಾಯ್ಕರ್ ಸಾಹೇಬರು ತಲೆಯೆತ್ತಲಿಲ್ಲ.
"ಸಮುದ್ರ ರಸೀದಿ ಕೊಡ್ತದ್ರಾ?"

ಫ್ಯಾನು ತಿರುಗಿತು. ಚೀಟಿಗಳ ಮೇಲೆ
ಸ್ಟೇಪ್ಲರ್ ಇಟ್ಟೆ.
ಸಾಹೇಬರು ಪೆನ್ನು ಮುಚ್ಚಿ, ಪೆನ್ಸಿಲ್ ಹುಡುಕಿ,
ಹಾಳೆಯ ಅಂಚಿಗೆ ಸಣ್ಣದಾಗಿ ಬರೆದರು:
ಬಲೆ, ವಿಚಾರಿಸುವುದು.

ಯಾರನ್ನು, ಎಂದು ಬರೆಯಲಿಲ್ಲ.